ಎಂಟು ನಿಲ್ದಾಣ, ಹದಿನಾರು ಮನೆ: ಕಂಪ್ಯೂಟರಿಗೆ ಲಯ ಕಲಿಸುವ ಬಗೆ



ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿ ಕಡೆಯ ನಮ್ಮ ಎಷ್ಟೋ ಮನೆಗಳಲ್ಲಿ ಈಗ ಸಂಗೀತದ ಕೆಲಸ ರಾತ್ರಿ ಊಟದ ನಂತರ ಶುರುವಾಗುತ್ತದೆ. ಲೋಕಲ್ ಹಿಡಿದು ಮನೆ ಸೇರುವಾಗಲೇ ಒಂಬತ್ತೂವರೆ. ಒಂದು ಕೋಣೆ, ಒಂದು ಅಡುಗೆಮನೆ. ಗೋಡೆಯಾಚೆ ಪಕ್ಕದ ಮನೆಯ ಮಗುವಿಗೆ ಪರೀಕ್ಷೆ. ಆ ಹೊತ್ತಿನಲ್ಲಿ ತಬಲಾ ಬಾರಿಸಿದರೆ ಸೊಸೈಟಿಯ ಸೆಕ್ರೆಟರಿ ಬಾಗಿಲು ತಟ್ಟುತ್ತಾರೆ. ಹೀಗಾಗಿ ಹಾಡು ಕಟ್ಟುವ ಹಂಬಲ ಇರುವವರು ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಸಂಘದ ವಾರ್ಷಿಕೋತ್ಸವಕ್ಕೆ ಒಂದು ಸಮೂಹಗೀತೆ, ಭಜನಾ ಮಂಡಳಿಗೆ ಒಂದು ಹಿನ್ನೆಲೆ, ಮಕ್ಕಳ ನೃತ್ಯಕ್ಕೆ ಒಂದು ಟ್ರ್ಯಾಕ್ ಎಲ್ಲವೂ ಅಲ್ಲೇ ಸಿದ್ಧವಾಗುತ್ತವೆ.

ಆದರೆ ಹೀಗೆ ಸಿದ್ಧವಾದ ಬಹಳಷ್ಟು ಹಿನ್ನೆಲೆಗಳ ಮೇಲೆ ಒಂದು ದೂರು ಇದ್ದೇ ಇದೆ. "ಏನೋ ಯಂತ್ರದ ಹಾಗೆ ಕೇಳಿಸುತ್ತದೆ" ಎನ್ನುತ್ತಾರೆ ಹಿರಿಯರು. ತಾಳ ತಪ್ಪಿರುವುದಿಲ್ಲ, ಶ್ರುತಿ ತಪ್ಪಿರುವುದಿಲ್ಲ. ಆದರೂ ಜೀವ ಇಲ್ಲ. ಇದು ಏಕೆ, ಇದಕ್ಕೆ ಏನು ಮಾಡಬಹುದು ಎಂಬುದೇ ಇವತ್ತಿನ ಮಾತು. ತಂತ್ರಜ್ಞಾನದ ವಿಷಯ ಎಂದು ದಯವಿಟ್ಟು ಹೆದರಬೇಡಿ. ಕೈಯಲ್ಲಿ ತಾಳ ಹಾಕಲು ಬಂದರೆ, ಲೋಕಲ್ ರೈಲಿನ ನಿಲ್ದಾಣಗಳ ಹೆಸರು ಗೊತ್ತಿದ್ದರೆ ಇದು ಅರ್ಥವಾಗುತ್ತದೆ.

ಮೊದಲು ಸ್ಟೆಪ್ ಸೀಕ್ವೆನ್ಸರ್ ಎಂದರೇನು ಎಂದು ನೋಡೋಣ. ಪರದೆಯ ಮೇಲೆ ಒಂದು ಸಾಲಿನಲ್ಲಿ ಹದಿನಾರು ಚೌಕಗಳಿರುತ್ತವೆ. ಚೌಕಾಬಾರದ ಮನೆಗಳಿದ್ದ ಹಾಗೆ ಎನ್ನಿ. ನಾವೂ ಇವನ್ನು ಮನೆಗಳೆಂದೇ ಕರೆಯೋಣ. ಒಂದು ಮನೆಯನ್ನು ಒತ್ತಿದರೆ ಅದು ಬೆಳಗುತ್ತದೆ, ಯಂತ್ರ ಅಲ್ಲಿಗೆ ಬಂದಾಗ ಶಬ್ದ ಬರುತ್ತದೆ. ಒತ್ತದಿದ್ದರೆ ಅಲ್ಲಿ ಮೌನ. ಹದಿನಾರನೆಯ ಮನೆ ಮುಗಿದೊಡನೆ ಯಂತ್ರ ಮತ್ತೆ ಒಂದನೆಯ ಮನೆಗೆ ಬರುತ್ತದೆ. ನಿಮಿಷಕ್ಕೆ 120 ಬಡಿತದ ವೇಗ, ಒಂದು ಬಡಿತಕ್ಕೆ ನಾಲ್ಕು ಮನೆ ಎಂದಿಟ್ಟುಕೊಂಡರೆ ಹದಿನಾರು ಮನೆ ಸುತ್ತಿ ಬರಲು ಸರಿಯಾಗಿ ಎರಡು ಸೆಕೆಂಡ್ ಸಾಕು.

ಈ ತತ್ತ್ವ ನಮಗೆ ಹೊಸತಲ್ಲ. ಸೊಲ್ಲಾಪುರದ ಚಾದರದ ಮಗ್ಗ ನೋಡಿದವರಿಗೆ ತೂತು ಕೊರೆದ ರಟ್ಟಿನ ಪಟ್ಟಿಗಳ ನೆನಪಿರಬಹುದು. ತೂತು ಇರುವಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಪಟ್ಟಿಗಳು ಸುತ್ತಿ ಬಂದಂತೆ ಹೂವಿನ ಮೇಲೆ ಹೂವು ಮೂಡುತ್ತದೆ. ಸೀಕ್ವೆನ್ಸರ್ ಕೂಡ ನೇಯುತ್ತದೆ, ನೂಲಿನ ಬದಲು ನಾದವನ್ನು.

ಇನ್ನು ಎರಡನೆಯ ಸಂಗತಿ, ಇದೇ ಮುಖ್ಯವಾದದ್ದು. ಬೆಳಗ್ಗೆ ಕಲ್ಯಾಣದಿಂದ ಥಾಣೆಯ ಕಡೆಗೆ ಹೊರಡುವ ಸ್ಲೋ ಲೋಕಲ್ ನೆನಪಿಸಿಕೊಳ್ಳಿ. ಕಲ್ಯಾಣ್, ಠಾಕುರ್ಲಿ, ಡೊಂಬಿವಲಿ, ಕೋಪರ್, ದಿವಾ, ಮುಂಬ್ರಾ, ಕಲ್ವಾ, ಥಾಣೆ. ಎಣಿಸಿ ನೋಡಿ, ಎಂಟು ನಿಲ್ದಾಣ. ಆದಿತಾಳದ ಅಕ್ಷರಗಳೂ ಎಂಟು. ನಿಲ್ದಾಣಗಳ ಕ್ರಮ ಎಂದೂ ಬದಲಾಗದು. ಆದರೆ ಡಬ್ಬಿಯೊಳಗಿನ ನೂಕುನುಗ್ಗಲು ಎಲ್ಲ ನಿಲ್ದಾಣದಲ್ಲೂ ಒಂದೇ ಆಗಿರುತ್ತದೆಯೇ? ಠಾಕುರ್ಲಿಯಲ್ಲಿ ಕೈಯಾಡಿಸಲು ಜಾಗ ಇದ್ದರೆ ಡೊಂಬಿವಲಿ ಬಂದೊಡನೆ ಉಸಿರಾಡುವುದೂ ಕಷ್ಟ. ಪ್ರಯಾಣದ ಅನುಭವ ಎಂದರೆ ಬರಿಯ ನಿಲ್ದಾಣಗಳ ಪಟ್ಟಿಯಲ್ಲ. ಯಾವ ನಿಲ್ದಾಣದಲ್ಲಿ ಎಷ್ಟು ಜನ ಏರಿದರು, ಎಷ್ಟು ಜನ ಇಳಿದರು ಎಂಬುದು.

ಸೀಕ್ವೆನ್ಸರಿನಲ್ಲೂ ಹಾಗೆಯೇ. ಯಾವ ಮನೆಯಲ್ಲಿ ಶಬ್ದ ಬರಬೇಕು ಎಂಬುದು ನಿಲ್ದಾಣಗಳ ಪಟ್ಟಿ. ಆ ಶಬ್ದ ಎಷ್ಟು ಗಟ್ಟಿ, ಎಷ್ಟು ಮೊನಚು, ಎಡಗಿವಿಗೋ ಬಲಗಿವಿಗೋ, ಎಷ್ಟು ಹೊತ್ತು ಅನುರಣಿಸಬೇಕು ಎಂಬುದು ಡಬ್ಬಿಯೊಳಗಿನ ಜನಸಂದಣಿ. ಇವುಗಳಿಗೆ ಪ್ಯಾರಾಮೀಟರ್ ಎನ್ನುತ್ತಾರೆ. ನಾವು ನಾದದ ಗುಣಗಳು ಎನ್ನೋಣ. ಒಂದೊಂದು ಮನೆಗೂ ಈ ಗುಣಗಳ ಅಳತೆಯನ್ನು ಬೇರೆ ಬೇರೆಯಾಗಿ ಬರೆದಿಟ್ಟು, ಯಂತ್ರವೇ ಅದನ್ನು ಪಾಲಿಸುವಂತೆ ಮಾಡುವುದಕ್ಕೆ ಆಟೊಮೇಷನ್ ಎಂದು ಹೆಸರು. ನಮ್ಮ ಹಿನ್ನೆಲೆಗಳು ಯಂತ್ರದ ಹಾಗೆ ಕೇಳಿಸುವುದಕ್ಕೆ ಕಾರಣ ಇಲ್ಲೇ ಇದೆ. ನಾವು ಪಟ್ಟಿಯನ್ನಷ್ಟೇ ಬರೆಯುತ್ತೇವೆ, ಜನರನ್ನು ಹತ್ತಿಸುವುದೇ ಇಲ್ಲ. ಹದಿನಾರು ಮನೆಗೂ ಒಂದೇ ಗಟ್ಟಿ, ಒಂದೇ ಬಣ್ಣ. ಖಾಲಿ ರೈಲು ಓಡಿದಂತೆ.

ಈ ವಿದ್ಯೆ ಎಲ್ಲಿಂದ ಬಂತು? 1960ರ ದಶಕದಲ್ಲಿ ಅಮೆರಿಕದ ರಾಬರ್ಟ್ ಮೂಗ್ ಅವರ ಸಿಂಥಸೈಸರಿಗೆ 960 ಎಂಬ ಸೀಕ್ವೆನ್ಸರ್ ಭಾಗವಿತ್ತು. ಎಂಟು ಕಂಬ, ಮೂರು ಸಾಲು, ಒಟ್ಟು 24 ಗುಂಡಿಗಳು. ಒಂದು ಸಾಲು ಸ್ವರಕ್ಕೆ, ಇನ್ನೊಂದು ನಾದದ ಬಣ್ಣಕ್ಕೆ, ಮತ್ತೊಂದು ಬೇರೆ ಯಾವುದಾದರೂ ಗುಣಕ್ಕೆ ಎಂದು ಜೋಡಿಸಿಕೊಳ್ಳಬಹುದಿತ್ತು. ಅಂದರೆ ಸ್ವರವನ್ನಷ್ಟೇ ಅಲ್ಲ, ಗುಣವನ್ನೂ ಮನೆ ಮನೆಗೆ ಹಂಚುವ ಯೋಚನೆ ಆಗಲೇ ಇತ್ತು. 1969ರಲ್ಲಿ ಮೂಗ್ ಸಿಂಥಸೈಸರ್ ಭಾರತಕ್ಕೂ ಬಂತು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಡೇವಿಡ್ ಟ್ಯೂಡರ್ ಎಂಬ ಅಮೆರಿಕದ ಸಂಗೀತಗಾರರು ಅದನ್ನು ಸ್ಥಾಪಿಸಿದರು.

ನಮ್ಮ ಮುಂಬಯಿಗೆ ಸಂಬಂಧಿಸಿದ ಕಥೆ ಇನ್ನೂ ಸ್ವಾರಸ್ಯದ್ದು. 1982ರಲ್ಲಿ ಚರಣ್‌ಜಿತ್ ಸಿಂಗ್ ಎಂಬ ಮುಂಬಯಿಯ ಸಂಗೀತಗಾರರು ಒಂದು ಧ್ವನಿಮುದ್ರಿಕೆ ಹೊರತಂದರು. ಅವರು ಹಿಂದಿ ಚಿತ್ರಗೀತೆಗಳ ವಾದ್ಯವೃಂದದಲ್ಲಿ ಗಿಟಾರ್, ಕೀಬೋರ್ಡ್ ನುಡಿಸುತ್ತಿದ್ದವರು. ಮುದ್ರಿಕೆಯ ಹೆಸರು 'ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್'. ಭೈರವಿ, ಲಲಿತ್, ಭೂಪಾಲಿ, ತೋಡಿ, ಯಮನ್, ಮಾಲಕಂಸ್ ಮೊದಲಾದ ಹತ್ತು ರಾಗಗಳು, ಡಿಸ್ಕೊ ಲಯಕ್ಕೆ. ಕರ್ನಾಟಕ ಸಂಗೀತ ಕೇಳುವವರು ಭೂಪಾಲಿಯನ್ನು ಮೋಹನವೆಂದೂ ಮಾಲಕಂಸ್ ಅನ್ನು ಹಿಂದೋಳವೆಂದೂ ಗುರುತಿಸಿಯಾರು. ಅವರು ಬಳಸಿದ್ದು ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳು: ತಾಳಕ್ಕೆ ಟಿಆರ್-808, ಮಂದ್ರಸ್ವರಕ್ಕೆ ಟಿಬಿ-303, ರಾಗದ ಸಂಚಾರಕ್ಕೆ ಜುಪಿಟರ್-8 ಎಂಬ ಕೀಬೋರ್ಡ್.

ಈ 303 ಎಂಬ ಪುಟ್ಟ ಪೆಟ್ಟಿಗೆ ಒಂದು ಸ್ಟೆಪ್ ಸೀಕ್ವೆನ್ಸರ್. ಒಂದು ಆವರ್ತಕ್ಕೆ ಹೆಚ್ಚೆಂದರೆ ಹದಿನಾರು ಮನೆ. ಮನೆಯೊಂದಕ್ಕೆ ಸ್ವರದ ಜೊತೆಗೆ ಇನ್ನೆರಡು ಗುಣಗಳನ್ನು ಅದು ನೆನಪಿಟ್ಟುಕೊಳ್ಳುತ್ತಿತ್ತು. ಒಂದು ಒತ್ತು, ಇನ್ನೊಂದು ಮುಂದಿನ ಸ್ವರಕ್ಕೆ ಜಾರುವ ಸ್ಲೈಡ್. ನಾದದ ಬಣ್ಣ ಬದಲಿಸುವ ಕಟಾಫ್, ರೆಸೊನೆನ್ಸ್ ಮುಂತಾದ ಗುಂಡಿಗಳು ಇದ್ದವು, ಆದರೆ ಅವನ್ನು ಯಂತ್ರ ನೆನಪಿಡುತ್ತಿರಲಿಲ್ಲ, ಕೈಯಿಂದಲೇ ತಿರುಗಿಸಬೇಕು. ಗಿಟಾರ್ ನುಡಿಸುವವರಿಗೆ ಜೊತೆಗಾರನಾಗಲಿ ಎಂದು ಮಾಡಿದ ಈ ಯಂತ್ರ ಮಾರುಕಟ್ಟೆಯಲ್ಲಿ ಸೋತಿತು, 1984ರಲ್ಲಿ ತಯಾರಿಕೆ ನಿಂತಿತು. ಸಿಂಗ್ ಅವರ ಮುದ್ರಿಕೆಯನ್ನೂ ಆಗ ಯಾರೂ ಹೆಚ್ಚಾಗಿ ಕೊಳ್ಳಲಿಲ್ಲ. 1987ರಲ್ಲಿ ಅಮೆರಿಕದ ಶಿಕಾಗೋದ ಫ್ಯೂಚರ್ ಎಂಬ ತಂಡ ಇದೇ 303ರ ಗುಂಡಿಗಳನ್ನು ತಿರುಗಿಸುತ್ತ ಮಾಡಿದ 'ಆ್ಯಸಿಡ್ ಟ್ರ್ಯಾಕ್ಸ್' ಒಂದು ಹೊಸ ಸಂಗೀತಕ್ಕೇ ಹೆಸರು ಕೊಟ್ಟಿತು. ಸಿಂಗ್ ಅವರ ಮುದ್ರಿಕೆ 2010ರಲ್ಲಿ ಮರುಮುದ್ರಣವಾದಾಗ, ಅದೇ ಬಗೆಯ ನಾದ ಐದು ವರ್ಷ ಮೊದಲೇ ಮುಂಬಯಿಯಲ್ಲಿ ಹುಟ್ಟಿತ್ತಲ್ಲ ಎಂದು ಹೊರದೇಶದವರು ಬೆರಗಾದರು. ಸಿಂಗ್ ಅವರು 2015ರಲ್ಲಿ ತೀರಿಕೊಂಡರು.

ಈ ಕಥೆಯಿಂದ ನಾವು ಕಲಿಯುವುದೇನು? ಆ ಮುದ್ರಿಕೆಯಲ್ಲಿ ಯಂತ್ರ ತಾಳವನ್ನೂ ಮಂದ್ರವನ್ನೂ ಹಿಡಿದಿದೆ. ಅದರ ಮೇಲೆ ರಾಗವನ್ನು ನುಡಿಸಿದ್ದು ಬೆರಳು. ಸುತ್ತುವ ಕೆಲಸ ಯಂತ್ರಕ್ಕೆ, ಹಾಡುವ ಕೆಲಸ ಮನುಷ್ಯನಿಗೆ. ಈ ಹಂಚಿಕೆಯನ್ನು ಮರೆಯಬಾರದು.

ಈಗ ನಮ್ಮ ಕಾಲಕ್ಕೆ ಬರೋಣ. 303 ನೆನಪಿಡಲಾಗದೇ ಹೋದದ್ದನ್ನು ಇಂದಿನ ತಂತ್ರಾಂಶಗಳು ನೆನಪಿಡುತ್ತವೆ. ಬೆಲ್ಜಿಯಮ್ಮಿನಲ್ಲಿ 1997ರಲ್ಲಿ ಹುಟ್ಟಿ ಫ್ರೂಟಿಲೂಪ್ಸ್ ಎನಿಸಿ, ಮುಂದೆ ಎಫ್‌ಎಲ್ ಸ್ಟುಡಿಯೊ ಆದ ತಂತ್ರಾಂಶದಲ್ಲಿ ಮನೆಗಳ ಸಾಲಿನ ಪಕ್ಕದಲ್ಲೇ ಗ್ರಾಫ್ ಎಡಿಟರ್ ಎಂಬುದಿದೆ. ಅದನ್ನು ತೆರೆದರೆ ಪ್ರತಿ ಮನೆಗೆ ಒಂದು ಕಂಬ. ಕಂಬ ಎತ್ತರ ಮಾಡಿದರೆ ಶಬ್ದ ಗಟ್ಟಿ, ತಗ್ಗಿಸಿದರೆ ಮೆಲ್ಲಗೆ. ಗಟ್ಟಿತನದ ಬದಲು ಎಡ-ಬಲ, ಸ್ವರದ ಎತ್ತರ, ಕಟಾಫ್ ಇವನ್ನೂ ಆರಿಸಿಕೊಂಡು ಹಾಗೆಯೇ ಕಂಬ ನಿಲ್ಲಿಸಬಹುದು. ಹಣ ಕೊಡಲು ಮನಸ್ಸಿಲ್ಲದವರಿಗೆ ಎಲ್‌ಎಂಎಂಎಸ್ ಎಂಬ ಉಚಿತ ತಂತ್ರಾಂಶವಿದೆ. ಅದರಲ್ಲಿ ಮನೆಯ ಮೇಲೆ ಮೌಸಿನ ಗಾಲಿ ತಿರುಗಿಸಿದರೆ ಗಟ್ಟಿತನ ಬದಲಾಗುತ್ತದೆ. ಬೇರೆ ಗುಣಗಳಿಗೆ ಆಟೊಮೇಷನ್ ಎಂಬ ಪ್ರತ್ಯೇಕ ಹಾಳೆ ಇದೆ.

ಕಟಾಫ್ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಾಯಿಯ ಮುಂದೆ ಅಂಗೈ ಹಿಡಿದು "ಆ" ಎಂದು ಹಾಡುತ್ತ ಕೈಯನ್ನು ಮೆಲ್ಲಗೆ ತೆಗೆಯಿರಿ. ಸ್ವರ ಅದೇ, ಆದರೆ ಮಂಕಾಗಿದ್ದ ನಾದ ತೆರೆದುಕೊಳ್ಳುತ್ತದೆ. ಫಿಲ್ಟರಿನ ಕಟಾಫ್ ಮಾಡುವುದು ಇದನ್ನೇ. ಅಳತೆ ಕಡಿಮೆ ಇದ್ದರೆ ಮೊನಚಾದ ಅಂಶಗಳು ಮುಚ್ಚಿಹೋಗುತ್ತವೆ, ಹೆಚ್ಚಿಸಿದರೆ ತೆರೆದುಕೊಳ್ಳುತ್ತವೆ. ಬಹುತೇಕ ಕಡೆ ಅಳತೆಯನ್ನು 0ಯಿಂದ 127ರವರೆಗೆ ಕೊಡುತ್ತಾರೆ. ಇದು 1983ರಲ್ಲಿ ಬಳಕೆಗೆ ಬಂದ ಮಿಡಿ ಪದ್ಧತಿಯ ಲೆಕ್ಕ.

ಬನ್ನಿ, ಒಂದು ಪ್ರಯೋಗ ಮಾಡೋಣ. ಭಜನೆಗೆ ಹಿನ್ನೆಲೆಯಾಗಿ ಷಡ್ಜ-ಪಂಚಮದ ಒಂದು ನಿರಂತರ ನಾದ ಇಟ್ಟುಕೊಳ್ಳಿ. ಎಂಟು ಮನೆಯ ಸಾಲು. ನಾದದ ಗಟ್ಟಿತನವನ್ನು ಮುಟ್ಟಬೇಡಿ, ಕಟಾಫ್ ಒಂದನ್ನೇ ಬದಲಿಸಿ. ಆದಿತಾಳದಲ್ಲಿ ಮೊದಲು ಲಘು, ಆಮೇಲೆ ಎರಡು ದ್ರುತ. ಲಘುವಿಗೆ ಒಂದು ಪೆಟ್ಟು, ಮೂರು ಬೆರಳೆಣಿಕೆ. ದ್ರುತಕ್ಕೆ ಒಂದು ಪೆಟ್ಟು, ಒಂದು ಹುಸಿ. ಹಾಗಾದರೆ ಅಳತೆ ಹೀಗಿರಲಿ: ಒಂದನೆಯ ಮನೆಗೆ 95; ಎರಡು, ಮೂರು, ನಾಲ್ಕಕ್ಕೆ 60; ಐದಕ್ಕೆ 80; ಆರಕ್ಕೆ 45; ಏಳಕ್ಕೆ 80; ಎಂಟಕ್ಕೆ 45. ಈಗ ಕೇಳಿ ನೋಡಿ. ಒಂದೇ ಒಂದು ಪೆಟ್ಟಿನ ಶಬ್ದ ಇಲ್ಲ, ಆದರೂ ತಾಳ ಕೇಳಿಸುತ್ತದೆ. ಪೆಟ್ಟು ಬೀಳುವಲ್ಲಿ ನಾದ ತೆರೆಯುತ್ತದೆ, ಹುಸಿ ಬರುವಲ್ಲಿ ಮುಚ್ಚಿಕೊಳ್ಳುತ್ತದೆ. ಕನ್ನಡ ಓದಲು ಇನ್ನೂ ತಡವರಿಸುವ, ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಆದಿತಾಳದ ಅಂಗಗಳನ್ನು ಕಿವಿಯಿಂದ ಹಿಡಿಸಲು ಇದಕ್ಕಿಂತ ಸುಲಭ ದಾರಿ ಹುಡುಕುವುದು ಕಷ್ಟ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ತಂತ್ರಾಂಶ ತಾನಾಗಿ ತೋರಿಸುವುದು ಹದಿನಾರು ಮನೆ, ಏಕೆಂದರೆ ಅದನ್ನು ಮಾಡಿದವರ ಸಂಗೀತಕ್ಕೆ ಅದು ಹೊಂದುತ್ತದೆ. ನಮಗೆ ಆದಿತಾಳ ಅದರಲ್ಲಿ ಕೂರುತ್ತದೆ ನಿಜ. ಆದರೆ ಯಕ್ಷಗಾನದ ತ್ರಿವುಡೆಗೆ ಏಳು ಅಕ್ಷರ, ಝಂಪೆಗೆ ಹತ್ತು, ರೂಪಕಕ್ಕೆ ಆರು. ಮನೆಗಳ ಸಂಖ್ಯೆ ಬದಲಿಸುವ ಸೌಲಭ್ಯ ಇದ್ದೂ ಬಳಸದೆ ಎಲ್ಲವನ್ನೂ ಹದಿನಾರಕ್ಕೆ ತುರುಕಿದರೆ ಏನಾಗುತ್ತದೆ? ಕ್ರಮೇಣ ಮಕ್ಕಳ ಕಿವಿಗೆ ಹದಿನಾರೊಂದೇ ತಾಳ ಎನಿಸಿಬಿಡುತ್ತದೆ. ಊರಿನಿಂದ ತಂದ ಆಸ್ತಿಯಲ್ಲಿ ಇದೂ ಒಂದು. ಪರದೆಯಲ್ಲಿ ಚೌಕ ಇಲ್ಲವೆಂದು ಅದನ್ನು ಬಿಟ್ಟುಕೊಡಬಾರದು. ಏಳು ಬೇಕಾದರೆ ಏಳು ಮನೆ ಮಾಡಿ, ಸೂಕ್ಷ್ಮ ಬೇಕಾದರೆ ಹದಿನಾಲ್ಕು ಮಾಡಿ.

ಎರಡು ಅಳತೆಗಳನ್ನು ಒಟ್ಟಿಗೆ ಓಡಿಸುವ ಆಟವೂ ಇದೆ. ಥಾಣೆಯಿಂದ ಕಲ್ಯಾಣದ ಕಡೆಗೆ ಎಂಟು ನಿಲ್ದಾಣ ಎಂದೆವು. ಅದೇ ಥಾಣೆಯಿಂದ ನವಿಮುಂಬಯಿಯ ಹಾದಿ ಹಿಡಿದರೆ ಥಾಣೆ, 2024ರಲ್ಲಿ ತೆರೆದ ದಿಘಾಗಾಂವ್, ಐರೋಳಿ, ರಬಾಳೆ, ಘಣಸೋಳಿ, ಕೋಪರ್‌ಖೈರಣೆ, ತುರ್ಭೆ, ತುರ್ಭೆಗೆ ಏಳು. ತಾಳವನ್ನು ಎಂಟು ಮನೆಯಲ್ಲಿ ಸುತ್ತಿಸಿ, ಕಟಾಫಿನ ಏರಿಳಿತವನ್ನು ಏಳು ಮನೆಯಲ್ಲಿ ಸುತ್ತಿಸಿ. ಎರಡೂ ಥಾಣೆಯಿಂದ ಒಟ್ಟಿಗೆ ಹೊರಟವು ಎನ್ನಿ. ಕೊನೆಯ ಮನೆ ಮುಗಿದೊಡನೆ ಮತ್ತೆ ಥಾಣೆ. ತಾಳ ಏಳು ಸುತ್ತು ಬಂದಾಗ ಬಣ್ಣ ಎಂಟು ಸುತ್ತು ಬಂದಿರುತ್ತದೆ, ಅಂದರೆ 56 ಮನೆ ಕಳೆದ ಮೇಲೆ ಎರಡೂ ಮತ್ತೆ ಒಟ್ಟಿಗೆ ಥಾಣೆಯಲ್ಲಿ ನಿಲ್ಲುತ್ತವೆ. ಅಲ್ಲಿಯವರೆಗೆ ಒಂದು ಸುತ್ತು ಇನ್ನೊಂದರಂತೆ ಕೇಳಿಸದು. ಬರೆದದ್ದು ಬರೀ ಹದಿನೈದು ಅಳತೆ, ದೊರಕಿದ್ದು 56 ಬಗೆಯ ಜೋಡಣೆ.

ಇನ್ನು ಕೆಲವು ಎಚ್ಚರಿಕೆಗಳು. ಹೊಸದಾಗಿ ಕಲಿತವರು ಹುರುಪಿನಲ್ಲಿ ಎಲ್ಲ ಗುಣಗಳನ್ನೂ ಎಲ್ಲ ಮನೆಗಳಲ್ಲೂ ಬದಲಿಸುತ್ತಾರೆ. ಸಾರಿಗೆ ಉಪ್ಪು, ಹುಳಿ, ಖಾರ, ಬೆಲ್ಲ ನಾಲ್ಕನ್ನೂ ಹಿಡಿ ಹಿಡಿ ಹಾಕಿದರೆ ಯಾವ ರುಚಿಯೂ ಉಳಿಯುವುದಿಲ್ಲ. ಒಂದು ಹಾಡಿಗೆ ಒಂದು ಗುಣ, ಹೆಚ್ಚೆಂದರೆ ಎರಡು, ಸಾಕು. ಎರಡನೆಯದಾಗಿ, ಅಳತೆ 20ರಿಂದ 120ಕ್ಕೆ ಒಮ್ಮೆಗೇ ಹಾರಿದರೆ ಕೆಲವೊಮ್ಮೆ 'ಟಿಕ್' ಎಂಬ ಸದ್ದು ಕೇಳಿಬರುತ್ತದೆ. ಆಗ ಮನೆಯಿಂದ ಮನೆಗೆ ಜಿಗಿಯುವ ಬದಲು ಜಾರುವಂತೆ ಮಾಡಬೇಕು. ಎಲ್‌ಎಂಎಂಎಸ್‌ನ ಆಟೊಮೇಷನ್ ಹಾಳೆಯಲ್ಲಿ ಇದಕ್ಕೆ ಮೂರು ಬಗೆಗಳಿವೆ: ಮೆಟ್ಟಿಲಿನ ಹಾಗೆ ಜಿಗಿಯುವುದು, ಇಳಿಜಾರಿನ ಹಾಗೆ ನೇರವಾಗಿ ಜಾರುವುದು, ಬಾಗಿ ಬಳುಕಿ ಜಾರುವುದು.

ಈ ಮೆಟ್ಟಿಲು ಮತ್ತು ಇಳಿಜಾರಿನ ಮಾತು ಬಂದಾಗ ಗಮಕದ ಪ್ರಶ್ನೆ ಏಳುತ್ತದೆ. ಸೀಕ್ವೆನ್ಸರಿನ ಸ್ವಭಾವವೇ ಮೆಟ್ಟಿಲು. ನಮ್ಮ ರಾಗದ ಸ್ವಭಾವ ಜಾರು, ಕಂಪಿತ, ಆಂದೋಲನ. ತೋಡಿಯ ಗಾಂಧಾರ ಒಂದು ಮೆಟ್ಟಿಲಿನ ಮೇಲೆ ನಿಲ್ಲುವ ಸ್ವರವಲ್ಲ. ಸ್ಲೈಡ್ ಹಾಕಿದರೆ ಮೀಂಡಿನ ಹತ್ತಿರ ಬಂದೀತು. ಆದರೆ ಎಷ್ಟು ತೂಗಬೇಕು, ಎಲ್ಲಿ ತಡೆಯಬೇಕು ಎಂಬುದನ್ನು ಮನೆ ಮನೆಗೂ ಅಂಕಿ ಹಾಕಿ ಬರೆಯುವುದಕ್ಕಿಂತ ಹಾಡುವುದೇ ಸುಲಭ, ಹಾಡಿದ್ದೇ ಚೆಂದ. ಆದ್ದರಿಂದ ರಾಗದ ಸಂಚಾರವನ್ನು ಮನೆಗಳಿಗೆ ಒಪ್ಪಿಸಬೇಡಿ. ಅದನ್ನು ಕಂಠಕ್ಕೋ ಕೊಳಲಿಗೋ ಹಾರ್ಮೋನಿಯಂ ಹಿಡಿದ ಕೈಗೋ ಬಿಡಿ. ಗುಣಗಳ ವಿಷಯದಲ್ಲೂ ಒಂದು ದಾರಿಯಿದೆ. ಬಹುತೇಕ ತಂತ್ರಾಂಶಗಳಲ್ಲಿ ಗುಂಡಿಯನ್ನು ತಿರುಗಿಸುತ್ತಿದ್ದರೆ ಆ ಚಲನೆಯನ್ನೇ ದಾಖಲಿಸಿಕೊಳ್ಳುವ ವ್ಯವಸ್ಥೆ ಇರುತ್ತದೆ. ಮೊದಲು ಮನೆಗಳಿಗೆ ಅಳತೆ ಹಾಕಿ, ಆಮೇಲೆ ಹಾಡು ಕೇಳುತ್ತ ಕೈಯಿಂದ ಒಮ್ಮೆ ಗುಂಡಿ ಆಡಿಸಿ ಅದನ್ನೂ ಮೇಲೆ ಸೇರಿಸಿ. ಯಂತ್ರದ ಹಾಸು, ಕೈಯ ಹೊಕ್ಕು. ಬಟ್ಟೆ ಗಟ್ಟಿಯಾಗುತ್ತದೆ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಇಂಥ ಯಂತ್ರಗಳು ಬಂದ ಮೇಲೆ ಮುಂಬಯಿಯ ಚಿತ್ರಸಂಗೀತದಲ್ಲಿ ಏನಾಯಿತೆಂದು ತಮಗೆ ಗೊತ್ತಿದೆ. ಹತ್ತಾರು ಪಿಟೀಲು, ತಬಲಾ, ಢೋಲಕ್ ಒಂದೇ ಕೋಣೆಯಲ್ಲಿ ಕೂತು ನುಡಿಸುವ ಪದ್ಧತಿ 1990ರ ದಶಕ ಮುಗಿಯುವ ಹೊತ್ತಿಗೆ ಹೆಚ್ಚುಕಡಿಮೆ ನಿಂತೇ ಹೋಯಿತು. ಎಷ್ಟೋ ವಾದಕರ ಅನ್ನ ಹೋಯಿತು. ಅದೇ ಕಥೆ ನಮ್ಮ ಸಂಘಗಳ ವೇದಿಕೆಯ ಮೇಲೆ ಸಣ್ಣದಾಗಿ ನಡೆಯಬೇಕೇ ಎಂಬುದನ್ನು ನಾವು ತೀರ್ಮಾನಿಸಬೇಕು. ತಬಲಾದವರಿಗೆ ಕೊಡುವ ಗೌರವಧನ ಉಳಿಯಿತು ಎಂದು ಪೆನ್‌ಡ್ರೈವ್ ಹಾಕಿ ಹಾಡಿಸುವ ಕಾರ್ಯಕ್ರಮಗಳು ಹೆಚ್ಚುತ್ತಿವೆ. ಹಣ ಉಳಿಯುವುದೇನೋ ನಿಜ. ಆದರೆ ಹಾಡುವವಳು ಒಂದು ಸಾಲನ್ನು ತುಸು ಎಳೆದರೆ ಪೆನ್‌ಡ್ರೈವ್ ಕಾಯುವುದಿಲ್ಲ, ತಬಲಾದವರು ಕಾಯುತ್ತಾರೆ. ಮಗುವೊಂದು ಹೆದರಿ ಪಲ್ಲವಿ ಮರೆತರೆ ಪೆನ್‌ಡ್ರೈವ್ ಮುಂದೆ ಓಡುತ್ತದೆ. ತಬಲಾದವರು ಇನ್ನೊಂದು ಆವರ್ತ ನುಡಿಸಿ ಮಗುವಿಗೆ ಧೈರ್ಯ ಕೊಡುತ್ತಾರೆ. ಮುಂದಿನ ವರ್ಷ ಕರೆಯುವವರಿಲ್ಲದೆ ಅವರೂ ಅಭ್ಯಾಸ ಬಿಟ್ಟರೆ, ಬೇಕೆಂದಾಗ ಎಲ್ಲಿಂದ ತರೋಣ?

ಹಾಗೆಂದು ಯಂತ್ರವನ್ನು ದೂರವಿಡಬೇಕಾಗಿಲ್ಲ. ಪನ್ವೇಲಿನಲ್ಲಿ ಇರುವ ತಬಲಾದವರು ಕೆಲಸ ಮುಗಿಸಿ ವಾರದ ದಿನ ಕಲ್ಯಾಣಕ್ಕೆ ಅಭ್ಯಾಸಕ್ಕೆ ಬಂದು ಹಿಂತಿರುಗುವುದು ಆಗದ ಮಾತು. ಅಲ್ಲಿ ಯಂತ್ರ ಕೆಲಸಕ್ಕೆ ಬರಲಿ. ಹಾಡಿನ ತಾಳಕ್ಕೆ ತಕ್ಕಷ್ಟು ಮನೆ ಹಾಕಿ, ಪೆಟ್ಟು-ಹುಸಿಗಳ ಅಳತೆ ಬರೆದು, ಒಂದೇ ಹಿನ್ನೆಲೆಯನ್ನು ನಿಮಿಷಕ್ಕೆ 60, 70, 80 ಬಡಿತದ ಮೂರು ವೇಗಗಳಲ್ಲಿ ಮಾಡಿ ಎಲ್ಲರ ಮೊಬೈಲಿಗೆ ಕಳಿಸಿ. ಮನೆ ಮನೆಯಲ್ಲಿ ಅಭ್ಯಾಸ ಆಗಲಿ. ಭಾನುವಾರದ ಕೊನೆಯ ಅಭ್ಯಾಸಕ್ಕೂ ವೇದಿಕೆಗೂ ಮನುಷ್ಯರು ಬರಲಿ. ಶ್ರುತಿ, ಮಂದ್ರದ ಹಿನ್ನೆಲೆ ಯಂತ್ರದ್ದೇ ಇರಲಿ, ಚಿಂತೆಯಿಲ್ಲ. ತಾಳ ಹಿಡಿಯುವ ಕೈ ಮಾತ್ರ ನಮ್ಮವರದ್ದಾಗಿರಲಿ, ಆ ಕೈಗೆ ಸಲ್ಲಬೇಕಾದದ್ದು ಸಲ್ಲಲಿ.

ಇವತ್ತು ರಾತ್ರಿ ಬಿಡುವಾದರೆ ಎಂಟು ಮನೆಯ ಆ ಪ್ರಯೋಗ ಮಾಡಿ ನೋಡಿ. ಅಳತೆಗಳನ್ನು ನಾನು ಹೇಳಿದ ಹಾಗೆಯೇ ಇಡಬೇಕೆಂದಿಲ್ಲ. ಕೈಯಲ್ಲಿ ತಾಳ ಹಾಕುತ್ತ ಕಿವಿ ಒಪ್ಪುವವರೆಗೆ ಬದಲಿಸುತ್ತ ಹೋಗಿ. ನಿಮ್ಮ ಮಂಡಳಿಯ ಹಾಡಿಗೆ ಯಾವ ತಾಳ, ಎಷ್ಟು ಮನೆ ಹಾಕಿದಿರಿ ಎಂಬುದನ್ನು ನಮಗೂ ಬರೆದು ತಿಳಿಸಿ.